ಪಾಳೇಗಾರನ ಹಗ್ಗ, ಮಣ್ಣಾಳಿನ ಹಗ್ಗ

ನಮ್ಮ ಕಡೆ ಸತ್ತ ಪಾಳೇಗಾರರಿಗೆ ಒಳ್ಳೇ ಕಾಲ ಬಂದಿದೆ. ಬದುಕಿದ್ದಾಗ ಅವರ ಬೆನ್ನು ಹತ್ತಿದವರು ಕುಂಪಣಿಯವರು. ಈಗ ಬೆನ್ನು ಹತ್ತಿರುವವರು ಭಾಷಣಕಾರರು. ಈಚೆಗೆ ಮೂಡಿಗೆರೆ ಕಡೆಯ ಒಂದು ಸಭೆಗೆ ನಮ್ಮನ್ನೂ ಕರೆದಿದ್ದರು. ಬಂದು ಕವಿತೆ ಓದಿ ಅಂದರು. ಹೋದೆವು. ವೇದಿಕೆ ಮೇಲಿದ್ದ ಹಿರಿಯರೊಬ್ಬರು, ಓದಿಕೊಂಡವರು, ತೋಟ ಇದ್ದವರು, ಹೀಗೆಂದರು: ಜಪಾನಿಗೆ ಒಬ್ಬ ಸೈಗೋ ಇದ್ದ, ಕೊನೆಯ ಸಮುರಾಯಿ; ನಮಗೂ ಒಬ್ಬ ಇದ್ದ, ಬಲಂ ನಾಯಕ; ಇಬ್ಬರೂ ತಲೆ ಕೊಟ್ಟರು, ತಲೆ ಬಾಗಲಿಲ್ಲ. ಚಪ್ಪಾಳೆ ಬಿತ್ತು. ನಾವೂ ತಟ್ಟಿದೆವು. ತಟ್ಟಿದ ಮೇಲೆ ನಮ್ಮ ಕೈ ನಾವೇ ನೋಡಿಕೊಂಡೆವು. ಈ ಕೈ ಯಾವ ಕೇರಿಯಿಂದ ಬಂದ ಕೈ, ಯಾರ ಅಂಗಳ ಗುಡಿಸಿದವರ ಮೊಮ್ಮಕ್ಕಳ ಕೈ ಅಂತ ನೆನಪಾಯಿತು. ಅವತ್ತು ಕವಿತೆ ಓದದೆ ವಾಪಸ್ಸು ಬಂದೆವು. ಯಾಕೆ ಓದಲಿಲ್ಲ ಅಂತ ಕೇಳಿದವರಿಗೆಲ್ಲ ಇದು ಉತ್ತರ.

ಮೊದಲು ನಾಯಕನ ಕತೆಯನ್ನು ನೆಟ್ಟಗೆ ಹೇಳಿಬಿಡೋಣ. ಅವನಿಗೆ ಅನ್ಯಾಯ ಮಾಡುವುದು ನಮ್ಮ ಉದ್ದೇಶವಲ್ಲ.

ಮೂಡಿಗೆರೆಯಿಂದ ತೆಂಕಲಿಗೆ ಹೋದರೆ ಸಕಲೇಶಪುರದ ಸೀಮೆ. ಹಿಂದೆ ಅದು ಬಲಂ ಸೀಮೆ. ಟಿಪ್ಪು ಅಲ್ಲಿ ಕೋಟೆ ಕಟ್ಟಿಸಿದ ಮೇಲೆ ಮಂಜರಾಬಾದ್ ಆಯಿತು. ಐಗೂರು ಆ ನಾಯಕರ ಊರು. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ, ಕುಂಪಣಿಯವರು ಒಡೆಯರ ಮನೆಯ ಮಗುವೊಂದನ್ನು ಮೈಸೂರಿನ ಗದ್ದುಗೆ ಮೇಲೆ ಕೂರಿಸಿದರು. ಬಲಂ ನಾಯಕ ಈ ಏರ್ಪಾಟಿಗೆ ತಲೆಯಾಡಿಸಲಿಲ್ಲ. ಕಾಡು ಸೇರಿದ. ಅರಕೆರೆಯ ಕಾಡಿನಲ್ಲಿ ಅವನ ಬೀಡು. ಸುತ್ತ ಬೇಲಿ, ಕಂದಕ. 1800ರಲ್ಲಿ ಬಂದ ಕುಂಪಣಿ ಪಡೆ ಮೊದಲ ಪೆಟ್ಟಿಗೆ ಹಿಂದಕ್ಕೆ ಸರಿಯಿತು. ಕಡೆಗೆ 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ತಾನೇ ಬಂದ. ಮುಂದೆ 1815ರಲ್ಲಿ ವಾಟರ್ಲೂ ಬಯಲಿನಲ್ಲಿ ನೆಪೋಲಿಯನ್ನನ್ನು ಸೋಲಿಸಿದನಲ್ಲ, ಅದೇ ಆಸಾಮಿ. ಬೀಡು ಬಿತ್ತು. ಫೆಬ್ರವರಿಯಲ್ಲಿ ನಾಯಕ ಸಿಕ್ಕಿದ. ಸಿಕ್ಕಿದವನನ್ನು ನೇಣಿಗೆ ಹಾಕಿದರು. ಆಮೇಲೆ ವೆಲ್ಲೆಸ್ಲಿ ಊರುಗಳ ಕೋಟೆ ಬೇಲಿ ಕೀಳಿಸಿ, ಕಾಡು ಕಡಿಸಿ ದಾರಿ ಮಾಡಿಸಿದ.

ಈ ನಾಯಕನ ಹೆಸರೂ ಒಂದೇ ಥರ ಉಳಿದಿಲ್ಲ. ವೆಲ್ಲೆಸ್ಲಿಯ ಕಾಗದಗಳಲ್ಲಿ ಅವನು ಕೃಷ್ಣಪ್ಪ ನಾಯಕ. ರೈಸ್ ಸಾಹೇಬನ ಗೆಜೆಟಿಯರಿನಲ್ಲಿ ವೆಂಕಟಾದ್ರಿ ನಾಯಕ. ನಮ್ಮ ಜಿಲ್ಲೆಯೊಳಗೇ ಇಂಥ ಇನ್ನೊಬ್ಬನಿದ್ದಾನೆ, ತರೀಕೆರೆಯ ಸರ್ಜಾ ಹನುಮಪ್ಪ ನಾಯಕ. 1830ರಲ್ಲಿ ಕಂದಾಯದ ಹಿಂಸೆ ತಡೆಯಲಾರದೆ ನಗರ ಸೀಮೆಯ ರೈತರು ಕೂಟ ಕಟ್ಟಿ ದಂಗೆ ಎದ್ದಾಗ ಅವರೊಳಗೆ ಸೇರಿ ಕತ್ತಿ ಹಿಡಿದವನು. ಅವನನ್ನು 1834ರಲ್ಲಿ ನೇಣಿಗೇರಿಸಿದರು. ಆ ದಂಗೆಯ ನೆಪದಲ್ಲೇ 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತ ಕಸಿದುಕೊಂಡು ಐವತ್ತು ವರ್ಷ ಬಿಡಲಿಲ್ಲ.

ನೇಣು ಹಾಕಿದವನು ದರೋಡೆಕೋರ. ಒಪ್ಪಿದೆವು. ನೇಣಿಗೇರಿದವನಿಗೆ ಗುಂಡಿಗೆ ಇತ್ತು. ಅದನ್ನೂ ಒಪ್ಪಿದೆವು. ನಮ್ಮ ಪ್ರಶ್ನೆ ಬೇರೆ ಇದೆ ಸ್ವಾಮಿ. ಅರಕೆರೆಯ ಆ ಕಂದಕ ತೋಡಿದವರು ಯಾರು? ಬೇಲಿಗೆ ಮುಳ್ಳು ಹೊತ್ತವರು ಯಾರು? ಬೀಡಿನಲ್ಲಿ ಕೂತು ಉಂಡ ಅನ್ನದ ಗದ್ದೆಯಲ್ಲಿ ಮಂಡಿಯುದ್ದ ಕೆಸರಿನಲ್ಲಿ ನಿಂತವರು ಯಾರು?

ಇದಕ್ಕೆ ನಾವು ಉತ್ತರ ಹೇಳಿದರೆ ಜಾತಿ ತಂದರು ಅಂತೀರಿ. ಅದಕ್ಕೇ ಸರಕಾರದ ಗೆಜೆಟಿಯರೇ ಹೇಳಲಿ, ಅದನ್ನು ಬರೆದವರು ನಮ್ಮ ಸಂಘಟನೆಯವರೇನಲ್ಲ. ಮಲೆನಾಡಿನಲ್ಲಿ ಹೊಲೆಯ ಅಂದರೆ ಗುಲಾಮ ಅಂತಲೇ ಅದರಲ್ಲಿ ಬರೆದಿದೆ. ಅವರಲ್ಲಿ ಎರಡು ಬಗೆ. ಒಂದು ಹುಟ್ಟಾಳು: ಧಣಿಯ ಮನೆಯಲ್ಲಿ ಹುಟ್ಟಿ, ಆ ಮನೆತನಕ್ಕೇ ತಲೆತಲಾಂತರ ಸೇರಿದ ಆಳು. ಇನ್ನೊಂದು ಮಣ್ಣಾಳು: ಮಣ್ಣಿಗೆ ಸೇರಿದ ಆಳು. ಗದ್ದೆ ಮಾರಿದರೆ ಗದ್ದೆಯ ಜೊತೆಗೆ ಅವನೂ ಮಾರಾಟ. ಗದ್ದೆ ಮಾರಿದ ಯಜಮಾನ ತನ್ನ ಎತ್ತನ್ನಾದರೂ ಬಿಚ್ಚಿ ಹೊಡೆದುಕೊಂಡು ಹೋಗುತ್ತಿದ್ದ. ಮಣ್ಣಾಳು ಮಾತ್ರ ಬದುವಿನ ಹಾಗೆ, ಅಲ್ಲೇ ಬಿದ್ದಿರಬೇಕು.

ಈಗ ಯೋಚನೆ ಮಾಡಿ. 1802ರ ಆ ದಿನ ನಾಯಕನ ಕೊರಳಿಗೆ ಹಗ್ಗ ಬಿತ್ತು. ಅವನ ಸೀಮೆಯ ಮಣ್ಣಾಳಿನ ಕೊರಳಿಗೆ ಅಜ್ಜನ ಕಾಲದಿಂದ ಬಿದ್ದಿದ್ದ ಹಗ್ಗ? ಅದನ್ನು ಯಾರಾದರೂ ಬಿಚ್ಚಿದರಾ? ಮಾರನೇ ದಿನ ಬೆಳಗ್ಗೆ ಎದ್ದು ಅವನು ಯಾರ ಗದ್ದೆಗೆ ಹೋದ? ಅದೇ ಗದ್ದೆಗೆ. ಯಾರಿಗೆ ಕೈ ಮುಗಿದ? ಅದೇ ಊರಗೌಡನಿಗೆ, ಅದೇ ಪಟೇಲನಿಗೆ. ಮೇಲಿನ ಒಬ್ಬ ಹೋದ. ಅವನ ಕೆಳಗಿದ್ದವರು, ನಮ್ಮ ಮೇಲಿದ್ದವರು, ಹಾಗೇ ಕೂತರು. ಊಳಿಗಮಾನ್ಯ ಮುಗಿಯಿತು ಅಂತ ಚರಿತ್ರೆಯ ಪುಸ್ತಕದಲ್ಲಿ ಒಂದು ಗೆರೆ ಎಳೆದರು. ಆ ಗೆರೆ ನಮ್ಮ ಕೇರಿಯ ಮೇಲೆ ಹಾದುಹೋಗಲೇ ಇಲ್ಲ.

ವೆಲ್ಲೆಸ್ಲಿ ಕಡಿಸಿದ ಕಾಡಿನ ಹಿಂದೆಯೇ ಕಾಫಿ ಬಂತು. 1830ರ ಸುಮಾರಿಗೆ ಬಾಬಾಬುಡನ್ ಗಿರಿಯ ತಪ್ಪಲಿನಲ್ಲಿ ಕ್ಯಾನನ್, 1843ರಲ್ಲಿ ಮಂಜರಾಬಾದಿನಲ್ಲಿ ಗ್ರೀನ್ ಎಂಬ ಬಿಳಿಯರು ತೋಟ ಹಾಕಿದರು. ಅದೇ 1843ರಲ್ಲಿ ಕುಂಪಣಿ ಸರಕಾರ ಗುಲಾಮಗಿರಿಗೆ ಕಾನೂನಿನ ಬೆಂಬಲ ಇಲ್ಲವೆಂದು ಕಾಯ್ದೆ ಮಾಡಿತು. ಒಂದೇ ವರ್ಷ, ನೋಡಿ. ಕಾಗದದಲ್ಲಿ ಬಿಡುಗಡೆ, ಗುಡ್ಡದಲ್ಲಿ ತೋಟ. 1859ರಲ್ಲಿ ಇನ್ನೊಂದು ಕಾಯ್ದೆ ಬಂತು: ಮುಂಗಡ ಇಸಕೊಂಡ ಕೂಲಿ ಕೆಲಸ ಬಿಟ್ಟರೆ ಮ್ಯಾಜಿಸ್ಟ್ರೇಟರ ಮುಂದೆ ಎಳೆದು ಜೈಲಿಗೆ ಕಳಿಸಬಹುದು. ಹಗ್ಗ ಹೋಯಿತು, ಮುಂಗಡ ಬಂತು. ಹುಟ್ಟಾಳು ಹೋಗಿ ಲೈನು ಮನೆಯ ಆಳು ಆದ. ಮಂಜರಾಬಾದಿನಲ್ಲಿ ತೋಟ ಮಾಡಿದ ಎಲಿಯಟ್ ಎಂಬ ಬಿಳಿಯನು 1871ರಲ್ಲಿ ತನ್ನ ಅನುಭವದ ಪುಸ್ತಕ ಬರೆದ. ಅದರಲ್ಲಿ ಜಾತಿಪದ್ಧತಿಯ ಪರವಾಗಿ ವಾದ ಹೂಡಿದ. ಹೂಡದೆ ಏನು? ಹೊಸ ಧಣಿಗೆ ಹಳೇ ಧಣಿ ಬಿಟ್ಟುಹೋದ ಆಸ್ತಿಯಲ್ಲಿ ಬೆಲೆಯುಳ್ಳದ್ದು ಅದೇ ತಾನೆ.

ಇನ್ನು ಆ ಹಿರಿಯರು ಹೇಳಿದ ಸೈಗೋ. ಬಿ.ಎ. ಓದುವಾಗ ಇತಿಹಾಸದ ಪಾಠದಲ್ಲಿ ಅವನ ಹೆಸರು ಒಂದು ಸಾಲು ಬಂದಿತ್ತು. 2003ರಲ್ಲಿ ಹಾಲಿವುಡ್ಡಿನವರು ಅವನ ಕತೆಯ ನೆರಳಿನಲ್ಲಿ ಒಂದು ಸಿನಿಮಾ ಮಾಡಿದ ಮೇಲಂತೂ ಸಮುರಾಯಿ ಅಂದರೆ ನಮ್ಮ ಹುಡುಗರಿಗೂ ಮೈ ಜುಂ ಅನ್ನುತ್ತದೆ. ಆ ಜುಂ ಅನ್ನುವುದರ ಕೆಳಗೆ ಏನಿದೆ ಅಂತ ಹುಡುಕಿಕೊಂಡು ಹೋದೆವು.

ಸೈಗೋ ತಾಕಾಮೋರಿ ಹುಟ್ಟಿದ್ದು 1828ರಲ್ಲಿ, ಜಪಾನಿನ ತೆಂಕಣ ತುದಿಯ ಸಾತ್ಸುಮಾ ಸಂಸ್ಥಾನದಲ್ಲಿ. ಸಮುರಾಯಿಗಳಲ್ಲೇ ಕೆಳದರ್ಜೆಯ ಬಡ ಮನೆತನ. 1868ರಲ್ಲಿ ಶೋಗನರ ಆಡಳಿತವನ್ನು ಕೆಡವಿದ ಪಡೆಯ ಮುಂದಾಳು ಅವನೇ. ಎದೋ ಕೋಟೆಯನ್ನು ರಕ್ತ ಹರಿಸದೆ ಬಿಡಿಸಿಕೊಂಡವನು ಅವನೇ. ಹೊಸ ಸರಕಾರದಲ್ಲಿ ದೊಡ್ಡ ಪದವಿ ಸಿಕ್ಕಿತು. 1873ರಲ್ಲಿ ಕೊರಿಯಾದ ಮೇಲೆ ಹೋಗುವ ಮಾತಿಗೆ ಜಗಳವಾಗಿ ಪದವಿ ಬಿಟ್ಟು ಊರಿಗೆ ಬಂದ. ಅದೇ ವರ್ಷ ಸರಕಾರ ರೈತರ ಮಕ್ಕಳನ್ನೂ ಸೈನ್ಯಕ್ಕೆ ಸೇರಿಸುವ ಕಾನೂನು ತಂದಿತ್ತು. 1876ರಲ್ಲಿ ಸಮುರಾಯಿಗಳು ಸೊಂಟಕ್ಕೆ ಕತ್ತಿ ಕಟ್ಟಬಾರದು ಅಂದರು, ಅವರಿಗೆ ವಂಶಪಾರಂಪರ್ಯವಾಗಿ ಬರುತ್ತಿದ್ದ ಸಂಬಳ ನಿಲ್ಲಿಸಿದರು. 1877ರಲ್ಲಿ ಸಾತ್ಸುಮಾದ ಸಮುರಾಯಿಗಳು ಸೈಗೋನನ್ನು ಮುಂದಿಟ್ಟುಕೊಂಡು ಬಂಡೆದ್ದರು. ಅವರನ್ನು ಬಗ್ಗುಬಡಿದದ್ದು ಆ ರೈತರ ಮಕ್ಕಳ ಸೈನ್ಯ. ಸೆಪ್ಟೆಂಬರ್ 24ರಂದು ಶಿರೋಯಾಮಾ ಗುಡ್ಡದಲ್ಲಿ ಸೈಗೋ ಸತ್ತ. 1889ರಲ್ಲಿ ಅದೇ ಸರಕಾರ ಅವನನ್ನು ಕ್ಷಮಿಸಿ ಪದವಿ ಹಿಂದಕ್ಕೆ ಕೊಟ್ಟಿತು. 1898ರಲ್ಲಿ ಟೋಕಿಯೋದ ಉಯೆನೋ ತೋಟದಲ್ಲಿ ಪ್ರತಿಮೆ ನಿಲ್ಲಿಸಿದರು, ಪಕ್ಕದಲ್ಲಿ ಒಂದು ನಾಯಿ. ಬದುಕಿದ್ದಾಗ ದ್ರೋಹಿ, ಸತ್ತು ಇಪ್ಪತ್ತೊಂದು ವರ್ಷಕ್ಕೆ ದೇವರು. ಧಣಿಗಳಿಗೆ ಸತ್ತ ಮೇಲೂ ಬಡ್ತಿ ಸಿಗುತ್ತದೆ, ನೋಡಿ.

ಇಷ್ಟು ಎಲ್ಲರೂ ಹೇಳುವ ಕತೆ. ಹೇಳದ ಕತೆ ಬೇರೆ ಇದೆ. ಸಾತ್ಸುಮಾದವರ ಕೈಯಲ್ಲಿ ಅಮಾಮಿ ಎಂಬ ದ್ವೀಪಗಳಿದ್ದವು. 1609ರಲ್ಲಿ ರ್ಯೂಕ್ಯೂ ರಾಜ್ಯದ ಮೇಲೆ ದಾಳಿ ಮಾಡಿ ಕಿತ್ತುಕೊಂಡದ್ದು. ಅಲ್ಲಿಯ ಜನ ಕಬ್ಬು ಬೆಳೆಯಬೇಕು, ಕರಿ ಸಕ್ಕರೆ ಕಾಯಿಸಬೇಕು, ಅಷ್ಟನ್ನೂ ಸಂಸ್ಥಾನಕ್ಕೆ ಅಳೆಯಬೇಕು. ಸಕ್ಕರೆ ಬೆಳೆದವರು ಗೆಣಸು ತಿಂದು ಬದುಕಿದರು. ಅಳತೆ ತುಂಬಿಸಲಾರದವನು ಸಾಲಕ್ಕೆ ಬಿದ್ದು ಉಳ್ಳವನ ಮನೆಯ ಜೀತಕ್ಕೆ ಸೇರುತ್ತಿದ್ದ. ಅಂಥವರಿಗೆ ಅಲ್ಲಿ ಯಾನ್ಚು ಅಂತ ಹೆಸರು. ಮನೆಯ ಆಳು ಅಂತ ಅರ್ಥ. ಹುಟ್ಟಾಳು ಎಂಬ ಮಾತಿಗೆ ಸಮುದ್ರದಾಚೆಯ ದ್ವೀಪದಲ್ಲೂ ಒಂದು ಮಾತಿತ್ತು ಅಂತ ತಿಳಿದ ದಿನ ನಮಗೆ ನಿದ್ದೆ ಬರಲಿಲ್ಲ.

ಸಾತ್ಸುಮಾದ ಖಜಾನೆ ತುಂಬಿದ್ದು ಆ ಸಕ್ಕರೆಯಿಂದ. ಶೋಗನರನ್ನು ಕೆಡವಿದ ಬಂದೂಕುಗಳ ಹಿಂದೆ ಆ ದುಡ್ಡಿದೆ. ಸೈಗೋ 1859ರಲ್ಲಿ ಗಡೀಪಾರಾಗಿ ಹೋದದ್ದೂ ಅಮಾಮಿಗೇ. ದ್ವೀಪದ ಜನರ ಪಾಡು ನೋಡಿ ಮರುಗಿದ ಅಂತ ಅವನ ಅಭಿಮಾನಿಗಳು ಬರೆಯುತ್ತಾರೆ. ಮರುಗಿರಬಹುದು. ಅಲ್ಲಿಯ ಹೆಣ್ಣನ್ನು ಮದುವೆಯಾದ, ಮಕ್ಕಳಾದವು. ಅವನಿಗೆ ಊರಿಂದ ಕರೆ ಬಂದಾಗ ಅವಳು ದ್ವೀಪದಲ್ಲೇ ಉಳಿದಳು. ದ್ವೀಪದ ಹೆಂಡತಿಯನ್ನು ಸಂಸ್ಥಾನಕ್ಕೆ ಕರೆತರುವಂತಿರಲಿಲ್ಲ. ಧಣಿಗಳ ಮರುಕ ಎಲ್ಲಿಯವರೆಗೆ ಬರುತ್ತದೆ ಅಂತ ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು: ಹಿತ್ತಲ ಬಾಗಿಲವರೆಗೆ.

ಇನ್ನೂ ಒಂದಿದೆ. 1877ರಲ್ಲಿ, ಸೈಗೋನ ಬಂಡಾಯದ ವರ್ಷವೇ, ಅಮಾಮಿಯ ಜನ ನಮ್ಮ ಸಕ್ಕರೆಯನ್ನು ನಮಗೆ ಬೇಕಾದವರಿಗೆ ಮಾರಲು ಬಿಡಿ ಅಂತ ಅಹವಾಲು ಹೊತ್ತು ಹಡಗು ಹತ್ತಿ ಕಾಗೊಶಿಮಾಕ್ಕೆ ಬಂದರು. ಬಂದವರನ್ನು ಹಿಡಿದು ಜೈಲಿಗೆ ಹಾಕಿದರು. ಅವರಲ್ಲಿ ಅನೇಕರನ್ನು ಸೈಗೋನ ಪಡೆಗೇ ತಳ್ಳಿದರು. ತಿಳಿಯಿತಾ ಗೆಳೆಯರೇ? ತಮ್ಮ ಬೆಳೆಯ ಬೆಲೆ ಕೇಳಲು ಬಂದ ಜನ, ಸಮುರಾಯಿಗಳ ಸಂಬಳ ಉಳಿಸುವ ಯುದ್ಧದಲ್ಲಿ ಬಂದೂಕಿಗೆ ಎದೆ ಕೊಡಬೇಕಾಯಿತು. ಯಾವ ಸಿನಿಮಾದಲ್ಲೂ ಅವರಿಲ್ಲ. ಉಯೆನೋದ ಪ್ರತಿಮೆಯಲ್ಲಿ ನಾಯಿಗೆ ಜಾಗ ಸಿಕ್ಕಿತು.

ಹಾಗಾದರೆ ಊಳಿಗಮಾನ್ಯ ನಿಜವಾಗಿ ಮುಗಿಯಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಯಾರು ವೀರನಾಗಿ ಸತ್ತ ಅಂತ ಕೇಳಿದರೆ ತಿಳಿಯುವುದಿಲ್ಲ. ಮುಗಿದ ದಿನ ಪರಿಹಾರ ಯಾರಿಗೆ ಸಿಕ್ಕಿತು ಅಂತ ಕೇಳಬೇಕು. ನಮ್ಮ ಒರೆಗಲ್ಲು ಇದೊಂದೇ.

ಜಪಾನಿನಲ್ಲಿ ಸಮುರಾಯಿಗಳ ಸಂಬಳ ನಿಲ್ಲಿಸಿದಾಗ ಬರಿಗೈಯಲ್ಲಿ ಕಳಿಸಲಿಲ್ಲ. ಸರಕಾರಿ ಸಾಲಪತ್ರ ಕೊಟ್ಟರು. ಬಡ್ಡಿ ಬರುವ ಕಾಗದ. ಅದು ಸಾಲದು ಅಂತಲೂ ಬಂಡೆದ್ದರು. ಅದೇ ದೇಶದಲ್ಲಿ ಎತಾ ಅಂತ ಕರೆಸಿಕೊಳ್ಳುತ್ತಿದ್ದ ಜನ ಇದ್ದರು. ಸತ್ತ ದನ ಹೊರುವವರು, ಚರ್ಮ ಹದ ಮಾಡುವವರು, ಊರ ಹೊರಗೆ ಇರುವವರು. ಅಂದರೆ ನಾವೇ, ಭಾಷೆ ಬೇರೆ. 1871ರಲ್ಲಿ ಒಂದು ಆಜ್ಞೆ ಹೊರಟಿತು: ಇನ್ನು ಮೇಲೆ ಎತಾ ಎಂಬ ಹೆಸರಿಲ್ಲ, ಎಲ್ಲರೂ ಸಮಾನರು. ಒಳ್ಳೆಯದು. ಅವರಿಗೆ ಕೊಟ್ಟದ್ದೇನು? ಭೂಮಿ ಕೊಡಲಿಲ್ಲ. ಸಾಲಪತ್ರ ಕೊಡಲಿಲ್ಲ. ಹಿಂದೆ ಚರ್ಮದ ಕಸುಬು ಅವರೊಬ್ಬರದ್ದೇ ಆಗಿತ್ತು, ಆ ಹಕ್ಕನ್ನೂ ತೆಗೆದರು. ಜನಗಣತಿಯ ಪುಸ್ತಕದಲ್ಲಿ ಹೊಸ ಸಾಮಾನ್ಯರು ಅಂತ ಗುರುತು ಹಾಕಿದರು. ಹೊಸ ಅನ್ನುವ ಮಾತೇ ಹೊಸ ಬೈಗುಳವಾಯಿತು. 1873ರಲ್ಲಿ ಪಡುವಣ ಜಪಾನಿನ ಹಳ್ಳಿಗಳಲ್ಲಿ ರೈತರು ದಂಗೆಯೆದ್ದಾಗ ಈ ಹೊಸ ಸಾಮಾನ್ಯರ ಕೇರಿಗಳಿಗೆ ಬೆಂಕಿ ಇಟ್ಟರು, ಕೊಂದರು. ಕೀಳ್ವೆಣ್ಮಣಿ, ಕಂಬಾಲಪಲ್ಲಿ ಅಂತ ನಾವು ಲೆಕ್ಕ ಹಾಕುತ್ತೇವಲ್ಲ, ಆ ಲೆಕ್ಕ ನಮ್ಮಲ್ಲೇ ಶುರುವಾದದ್ದಲ್ಲ.

ನಮ್ಮಲ್ಲಿ ನೋಡೋಣ. 1947 ಆಯಿತು, ಸಂಸ್ಥಾನಗಳು ಹೋದವು. ಮೈಸೂರು ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ. ಅದು ನಿಂತದ್ದು 1971ರಲ್ಲಿ. ಜೀತ ರದ್ದಾದದ್ದು ಯಾವಾಗ? 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯ್ದೆ. ಬಿಡುಗಡೆಯಾದ ಜೀತಗಾರನಿಗೆ 1978ರ ಯೋಜನೆಯಲ್ಲಿ ಗೊತ್ತು ಮಾಡಿದ ಪುನರ್ವಸತಿಯ ಮೊತ್ತ 4,000 ರೂಪಾಯಿ. ರಾಜನಿಗೆ ವರ್ಷ ವರ್ಷವೂ 26 ಲಕ್ಷ. ಅಪ್ಪ ಅಜ್ಜ ಮುತ್ತಜ್ಜ ಎಲ್ಲರ ಬೆವರಿಗೂ ಸೇರಿ ಒಂದೇ ಸಲ 4 ಸಾವಿರ. ಈ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನಿಮ್ಮ ಮಕ್ಕಳಿಗೆ ತೋರಿಸಿ. ಚರಿತ್ರೆಯ ಪಾಠ ಮುಗಿಯಿತು.

1974ರಲ್ಲಿ ಅರಸರ ಕಾಲದ ಭೂಸುಧಾರಣೆ ಬಂತು. ಉಳುವವನೇ ಹೊಲದೊಡೆಯ ಅಂದರು. ಬಯಲುಸೀಮೆಯಲ್ಲಿ, ಕರಾವಳಿಯಲ್ಲಿ ಎಷ್ಟೋ ಗೇಣಿದಾರರು ಬದುಕಿಕೊಂಡರು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ಗುಡ್ಡಕ್ಕೆ ಬಂದಾಗ ಆ ಕಾಯ್ದೆ ಏದುಸಿರು ಬಿಟ್ಟಿತು. ತೋಟದ ಬೆಳೆಗೆ ಕಾಯ್ದೆಯಿಂದ ವಿನಾಯಿತಿ. ಕಾಫಿ ತೋಟಕ್ಕೆ ಮಿತಿ ಇಲ್ಲ. ಅದೂ ಅಲ್ಲದೆ ನಾವು ಗೇಣಿದಾರರೂ ಆಗಿರಲಿಲ್ಲ. ಆಳುಗಳು. ಉಳುವವನಿಗೆ ಹೊಲ ಸರಿ, ಚಿಗುರು ತೆಗೆದವನಿಗೆ, ಮರಗಸಿ ಮಾಡಿದವನಿಗೆ, ಇಂಬಳಕ್ಕೆ ರಕ್ತ ಕೊಟ್ಟು ಕಳೆ ಕಿತ್ತವಳಿಗೆ ಏನು? ಅವಳ ಹೆಸರು ಪಹಣಿಯಲ್ಲಿ ಯಾವ ಕಾಲಂನಲ್ಲಿ ಬರಬೇಕಿತ್ತು?

ಇದು ಹಳೇ ಮಾತು ಅನ್ನಬೇಡಿ. 2022ರಲ್ಲಿ ರಾಜ್ಯ ಸರಕಾರ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಮಾಡಿತು. ಸರಕಾರಿ ಜಮೀನು ಒತ್ತುವರಿ ಮಾಡಿ ತೋಟ ಹಾಕಿದವರಿಗೆ 25 ಎಕರೆಯವರೆಗೆ 30 ವರ್ಷ ಗುತ್ತಿಗೆಗೆ ಕೊಡಬಹುದು ಅಂತ. ಒತ್ತುವರಿ ಮಾಡಿದವನಿಗೆ 25 ಎಕರೆ. ಒತ್ತಿಸಿಕೊಂಡವನಿಗೆ? ಲೈನು ಮನೆಯಲ್ಲಿ ಮೂರು ತಲೆಮಾರು ಬಾಳಿದವನು ಒಂದು ಮನೆ ನಿವೇಶನಕ್ಕೆ ಅರ್ಜಿ ಹಿಡಿದು ಹೋದರೆ ಜಾಗ ಇಲ್ಲ, ಅರಣ್ಯ, ಡೀಮ್ಡ್, ಸೆಕ್ಷನ್ನು ಅಂತ ಕನ್ನಡದಲ್ಲಿ ಅರ್ಧ ಇಂಗ್ಲಿಷಿನಲ್ಲಿ ಅರ್ಧ ಹೇಳಿ ಕಳಿಸುತ್ತಾರೆ. ಸತ್ತರೆ ಹೂಳಲು ಆರಡಿ ಎಲ್ಲಿ ಅಂತ ಹೆಣ ಇಟ್ಟುಕೊಂಡು ಕಾಯುವ ಕೇರಿಗಳು ನಮ್ಮಲ್ಲಿವೆ.

ಅದೇ 2022ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯ ಒಂದು ಕಾಫಿ ತೋಟದಲ್ಲಿ, ಪಡೆದ ಸಾಲದ ಹೆಸರಿನಲ್ಲಿ, ದಲಿತ ಕೂಲಿಗಳನ್ನು ಕೂಡಿಹಾಕಿ ಬೀಗ ಜಡಿದರು ಎಂಬ ದೂರು ಪೊಲೀಸರ ಪುಸ್ತಕ ಸೇರಿತು. ಪತ್ರಿಕೆಗಳಲ್ಲೆಲ್ಲ ಬಂತು. ತಪ್ಪು ಯಾರದ್ದೆಂದು ಹೇಳುವುದು ಕೋರ್ಟಿನ ಕೆಲಸ. ನಾವು ಹೇಳುವುದು ಇಷ್ಟೇ: ಆ ಸುದ್ದಿ ಓದಿ ಪಟ್ಟಣದವರು ಬೆಚ್ಚಿಬಿದ್ದರು, ನಮ್ಮ ಕೇರಿಯ ಮುದುಕಿಯರು ಬೆಚ್ಚಲಿಲ್ಲ. ಮುಂಗಡ, ಬೀಗ ಎರಡೂ ಅವರಿಗೆ ಹಳೇ ನೆಂಟರು. ಈಗ ನಮ್ಮ ಹುಡುಗರು ಬೆಂಗಳೂರು ಮಂಗಳೂರು ಅಂತ ಹೊರಟಿದ್ದಾರೆ. ಲೈನು ಮನೆ ಖಾಲಿ ಉಳಿಯಲಿಲ್ಲ. ಅಸ್ಸಾಮಿನಿಂದ ಬಂದ ಜನ ಸೇರಿದ್ದಾರೆ. ನಮ್ಮ ಭಾಷೆ ಬಾರದವರು, ಇಲ್ಲಿ ವೋಟಿಲ್ಲದವರು. ಮಣ್ಣಾಳು ಎಂಬ ಜಾಗ ಖಾಲಿ ಬಿಡಬಾರದು ಅಂತ ಈ ಗುಡ್ಡದ ಕಾನೂನೇ ಇರಬೇಕು.

ನಮ್ಮ ಎದುರಿಗೆ ಬಾಬಾಸಾಹೇಬರ ಮಾತನ್ನೇ ಎತ್ತಿ ತೋರಿಸುವವರಿದ್ದಾರೆ. 1945ರಲ್ಲಿ, ಕಾಂಗ್ರೆಸ್ ಮತ್ತು ಗಾಂಧಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ಕೇಳಿದ ಪುಸ್ತಕದಲ್ಲಿ, ಬಾಬಾಸಾಹೇಬರು ಜಪಾನಿನ ಆಳುವ ವರ್ಗದ ಉದಾಹರಣೆ ಕೊಟ್ಟಿದ್ದಾರೆ. ಅವರು ದೇಶಕ್ಕಾಗಿ ತಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟರು ಅಂತ. ಯಾಕೆ ಕೊಟ್ಟರು ಆ ಉದಾಹರಣೆ? ನಮ್ಮ ಮೇಲ್ಜಾತಿಗಳ ಮುಖಕ್ಕೆ ಹಿಡಿಯಲು. ಅವರು ಬಿಟ್ಟರು, ನೀವು ಏನು ಬಿಟ್ಟಿರಿ ಅಂತ. ಆ ಪ್ರಶ್ನೆಗೆ ಇವತ್ತಿಗೂ ಉತ್ತರ ಬಂದಿಲ್ಲ. 1869ರಲ್ಲಿ ಸಾತ್ಸುಮಾ, ಚೋಷು, ತೋಸಾ, ಹಿಜೆನ್ ಎಂಬ ನಾಲ್ಕು ಸಂಸ್ಥಾನದವರು ತಮ್ಮ ಭೂಮಿ, ಜನರ ಲೆಕ್ಕದ ಪುಸ್ತಕಗಳನ್ನು ತಾವಾಗಿ ಚಕ್ರವರ್ತಿಗೆ ಒಪ್ಪಿಸಿದರು. ನಮ್ಮ ಮಲೆನಾಡಿನ ಯಾವ ಧಣಿ ಯಾವ ಪುಸ್ತಕ ಯಾರಿಗೆ ಒಪ್ಪಿಸಿದ? ಅಂಥವನು ಒಬ್ಬನಿದ್ದರೆ ತೋರಿಸಿ, ಅವನ ಜಯಂತಿಗೆ ನಾವೇ ಚಪ್ಪರ ಹಾಕುತ್ತೇವೆ.

ಅಲ್ಲಿಗೂ ಕತೆ ನಿಲ್ಲಲಿಲ್ಲ ಅನ್ನುವುದನ್ನೂ ನೋಡಿ. ಮೇಲಿನವರು ಬಿಟ್ಟುಕೊಟ್ಟದ್ದರಿಂದ ಎತಾ ಜನರ ಬಿಡುಗಡೆ ಆಗಲಿಲ್ಲ. ಐವತ್ತು ವರ್ಷ ಕಾದರು. 1922ರ ಮಾರ್ಚ್ 3ರಂದು ಕ್ಯೋಟೋ ನಗರದಲ್ಲಿ ತಾವೇ ಸೇರಿ ಸುಯಿಹೇಯ್ಶಾ ಎಂಬ ಸಂಘ ಕಟ್ಟಿದರು. ನೀರಿನ ಮಟ್ಟದ ಹಾಗೆ ಎಲ್ಲರನ್ನೂ ಒಂದೇ ಮಟ್ಟಕ್ಕೆ ತರುವ ಸಂಘ. ಅದರ ಘೋಷಣೆ ಬರೆದವನು ಸೈಕೋ ಮಾನ್‌ಕಿಚಿ, ಅದೇ ಕೇರಿಯ ಹುಡುಗ, ಇಪ್ಪತ್ತರ ಹರೆಯದವನು. ಅವಮಾನದ ಹೆಸರನ್ನೇ ಎದೆಗೆ ಬಡಿದುಕೊಂಡು ಹೆಮ್ಮೆಯಿಂದ ಹೇಳಿಕೊಳ್ಳೋಣ ಅಂದವರು ಅವರು. ಕರುಣೆ ಬೇಡ ಅಂದವರು. ಐದು ವರ್ಷದ ಮೇಲೆ 1927ರ ಮಾರ್ಚಿನಲ್ಲಿ ಬಾಬಾಸಾಹೇಬರು ಮಹಾಡದ ಕೆರೆಗೆ ಇಳಿದು ನೀರು ಮುಟ್ಟಿದರು. ಅಲ್ಲಿ ನೀರಿನ ಮಟ್ಟ, ಇಲ್ಲಿ ನೀರಿನ ಹಕ್ಕು. ಸೈಗೋನ ಹೆಸರು ಗೊತ್ತಿದ್ದ ಆ ಹಿರಿಯರಿಗೆ ಸೈಕೋನ ಹೆಸರು ಗೊತ್ತಿರಲಿಲ್ಲ. ತಪ್ಪು ಅವರೊಬ್ಬರದ್ದಲ್ಲ. ಪದವಿ ತಗೊಂಡ ನಮಗೂ ಗೊತ್ತಿರಲಿಲ್ಲ. ನಮಗೆ ಬೇಕಾದ ಹೆಸರು ಪಠ್ಯದಲ್ಲಿ ಇರುವುದಿಲ್ಲ, ನಾವೇ ಹುಡುಕಬೇಕು ಅಂತ ತಿಳಿಯಲು ಇಷ್ಟು ದಿನ ಬೇಕಾಯಿತು.

ಈಗ ನಮ್ಮ ಮೇಲೇ ಒಂದು ಮಾತು. ಬಂಡಾಯ ಅಂತ ಹೇಳಿಕೊಂಡು ಬರೆಯುವ ನಾವೂ ಕತ್ತಿ, ಖಡ್ಗ, ಕುದುರೆ, ರಣ ಅಂತ ಬರೆದವರೇ. ಆ ಮಾತುಗಳನ್ನು ಯಾರಿಂದ ಸಾಲ ತಂದೆವು? ಪಾಳೇಗಾರನ ಮನೆಯಿಂದ. ನಮ್ಮ ಕೇರಿಯಲ್ಲಿ ಖಡ್ಗ ಇರಲಿಲ್ಲ ಕಣ್ರೋ. ಕುಡುಗೋಲಿತ್ತು, ಮಚ್ಚಿತ್ತು, ರಂಪಿಗೆ ಇತ್ತು, ತಮಟೆ ಇತ್ತು. ಹಗ್ಗ ಇತ್ತು, ಹೊರೆ ಕಟ್ಟುವ ಹಗ್ಗ. ಕವಿತೆಯಲ್ಲಿ ನಾವು ಕುದುರೆ ಹತ್ತಿದಾಗಲೆಲ್ಲ ಕುದುರೆಗೆ ಹುಲ್ಲು ಕೊಯ್ದ ನಮ್ಮಜ್ಜ ಕೆಳಗೆ ನಿಂತು ನೋಡುತ್ತಿದ್ದ ಅಂತ ನಮಗೆ ಹೊಳೆಯಲೇ ಇಲ್ಲ. ಅವತ್ತು ಸಭೆಗೆ ತೆಗೆದುಕೊಂಡು ಹೋಗಿದ್ದ ಕವಿತೆಯಲ್ಲೂ ಕತ್ತಿ ಮಿಂಚುತ್ತಿತ್ತು. ಓದದೆ ಬಂದದ್ದೇ ಒಳ್ಳೆಯದಾಯಿತು.

ಹಾಗಂತ ನಾಯಕನ ನೇಣಿನ ಹಗ್ಗಕ್ಕೆ ಉಗುಳುತ್ತೇವಾ? ಇಲ್ಲ. ಕುಂಪಣಿಯವನನ್ನು ಎದುರಿಸಿದವನು ಅನ್ನುವ ಗೌರವ ಇದೆ. ಅವನ ಜಾತಿ ಯಾವುದು ಅಂತಲೂ ಕೇಳುವುದಿಲ್ಲ. ಕಣಜದ ಬೀಗದ ಕೈ ಯಾರ ಸೊಂಟದಲ್ಲಿತ್ತು ಅಂತ ಮಾತ್ರ ಕೇಳುತ್ತೇವೆ. ಅವನು ಉಳಿಸಿಕೊಳ್ಳಲು ಹೊರಟದ್ದು ತನ್ನ ಸೀಮೆಯನ್ನು. ಆ ಸೀಮೆಯ ಆಸ್ತಿಯ ಪಟ್ಟಿಯಲ್ಲಿ ಗದ್ದೆ, ಎತ್ತು, ಮಣ್ಣಾಳು ಅಂತ ನಾವೂ ಇದ್ದೆವು. ಅವನು ಗೆದ್ದಿದ್ದರೂ ನಾವು ಪಟ್ಟಿಯಲ್ಲೇ ಇರುತ್ತಿದ್ದೆವು. ಸೋತಾಗ ಪಟ್ಟಿ ಕೈ ಬದಲಾಯಿಸಿತು ಅಷ್ಟೆ. ತನ್ನನ್ನು ಆಸ್ತಿ ಅಂತ ಬರೆದುಕೊಂಡವನ ಸೋಲಿಗೆ ಅಳಬೇಕು ಅಂತ ನಮಗೆ ಹೇಳಬೇಡಿ. ಅವನನ್ನು ಕೊಂದವನಿಗೆ ಜೈಕಾರ ಹಾಕಿ ಅಂತಲೂ ಹೇಳಬೇಡಿ. ಇಬ್ಬರ ನಡುವೆ ನಿಂತು ಮೂರನೆಯ ಮಾತು ಆಡುವ ಹಕ್ಕು ನಮಗಿದೆ.

ಆ ಮೂರನೆಯ ಮಾತು ಇದು. ಪ್ರತಿಮೆ ನಿಲ್ಲಿಸುವವರು ನಿಲ್ಲಿಸಿಕೊಳ್ಳಲಿ. ಅದರ ಪೀಠದ ಮೇಲೆ ಹುಟ್ಟಾಳು, ಮಣ್ಣಾಳು ಎಂಬ ಎರಡು ಪದಗಳನ್ನೂ ಕೆತ್ತಿಸಲಿ. ನಾಯಕ ಕುದುರೆ ಮೇಲಿರಲಿ. ಕಂದಕ ತೋಡಿದವನ ಗುದ್ದಲಿಯೂ ಅಲ್ಲಿರಲಿ. ಶಾಲೆಯ ಪುಸ್ತಕದಲ್ಲಿ 1802ರ ಪಕ್ಕದಲ್ಲಿ 1976 ಅಂತಲೂ ಬರೆಯಲಿ. ಪಾಳೇಗಾರನ ನೇಣಿಗೂ ಜೀತದ ರದ್ದಿಗೂ ನಡುವೆ 174 ವರ್ಷ ಈ ಗುಡ್ಡದಲ್ಲಿ ಯಾರು ಯಾರ ಹೊರೆ ಹೊತ್ತರು ಅಂತ ಮಕ್ಕಳು ಕೇಳಲಿ. ಆಮೇಲೆ ಪರಿಹಾರದ ಮಾತಿಗೆ ಬರೋಣ. ಒತ್ತುವರಿದಾರನಿಗೆ 25 ಎಕರೆ ಗುತ್ತಿಗೆ ಕೊಡುವ ಕೈ ಮೊದಲು ಲೈನು ಮನೆಯವರ ಕಡೆ ಚಾಚಲಿ. ಪ್ರತಿ ಕೇರಿಗೂ ಸ್ಮಶಾನ, ಪ್ರತಿ ಮನೆಗೂ ನಿವೇಶನ, ಹೆಣ್ಣುಮಕ್ಕಳ ಹೆಸರಿನಲ್ಲಿ ಉಳುವಷ್ಟು ಭೂಮಿ. ಅಸ್ಸಾಮಿನಿಂದ ಬಂದವನಿಗೆ ನಮಗೆ ಸಿಗುವಷ್ಟೇ ಕೂಲಿ. ಇದಾದ ದಿನ ಊಳಿಗಮಾನ್ಯ ಮುಗಿಯಿತು ಅಂತ ನಾವೇ ತಮಟೆ ಬಡಿದು ಸಾರುತ್ತೇವೆ.

ನಾವು ಹೊರನಾಡು, ಕಳಸದ ಕಡೆಯವರು. ನಮ್ಮೂರಿಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಅನ್ನಪೂರ್ಣೆಯ ಸನ್ನಿಧಿಯಲ್ಲಿ ಹಸಿದು ಬಂದವರಿಗೆ ಊಟ ಇದೆ ಅನ್ನುವುದು ಎಲ್ಲರಿಗೂ ಗೊತ್ತು. ಉಂಡವರು ತಣಿದು ಹೋಗುತ್ತಾರೆ, ಒಳ್ಳೆಯದೇ. ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಎರಡೂ ಕಡೆ ಹಸಿರು ಹಸಿರಾಗಿ ತೋಟ ಕಾಣುತ್ತದೆ. ಎಷ್ಟು ಚಂದ ಅಂತಾರೆ, ಫೋಟೋ ತೆಗೀತಾರೆ. ಆ ಹಸಿರಿನ ಒಳಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಗ್ಗಿ ನಿಂತಿರುವವಳು ಫೋಟೋದಲ್ಲಿ ಸಿಗುವುದಿಲ್ಲ. ಅವಳು ನಮ್ಮವ್ವ. ಅನ್ನವನ್ನು ಯಾರಾದರೂ ಕೊಟ್ಟಾರು. ಅವ್ವ ಕೇಳುತ್ತಿರುವುದು ಅನ್ನ ಅಲ್ಲ, ಗದ್ದೆ.

ಮುಂದಿನ ಸಭೆಗೆ ಕರೆಯಿರಿ, ಬರುತ್ತೇವೆ. ಅವ್ವನನ್ನೂ ಕರಕೊಂಡು ಬರುತ್ತೇವೆ. ಮೊದಲು ಅವಳು ಮಾತಾಡಲಿ, ಆಮೇಲೆ ನಾವು ಕವಿತೆ ಓದುತ್ತೇವೆ.